ಮಾಡಿ ಕೊಟ್ಟದ್ದಕ್ಕೆ ಬೆಲೆಯುಂಟೆ?

ಮನುಷ್ಯನ ಸಂತೋಷಕ್ಕೆ ಒಂದು ವಿಚಿತ್ರ ಸ್ವಭಾವವುಂಟು. ದುಃಖವನ್ನು ಅವನು ಒಬ್ಬನೇ ಮೂಲೆಯಲ್ಲಿ ಕುಳಿತು ನುಂಗಿಕೊಳ್ಳಬಲ್ಲನು. ಸಂತೋಷವನ್ನು ಮಾತ್ರ ನಾಲ್ವರಿಗೆ ಹಂಚಿ ಉಂಡಲ್ಲದೆ ಅದು ಅವನ ಮೈಗೆ ಹತ್ತುವುದಿಲ್ಲ. ಮಗು ಹುಟ್ಟಿದರೆ ಸಕ್ಕರೆ, ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪೇಢೆ, ಹೊಲದ ಬೋರಿಗೆ ನೀರು ಬಿದ್ದರೆ ಬೆಲ್ಲ ಕೊಬ್ಬರಿ. ಈ ಹಳೆಯ ಪಂಕ್ತಿಯಲ್ಲಿ ಈಚೆಗೆ ಕೇಕು ಎಂಬ ಹೊಸ ಅತಿಥಿ ಬಂದು ಕುಳಿತಿದೆ. ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಕೊಂಡು ತಂದ ಕೇಕಿನ ಮಾತನ್ನು ನಾವಿಲ್ಲಿ ಎತ್ತುತ್ತಿಲ್ಲ. ತನ್ನವರ ಹುಟ್ಟುಹಬ್ಬಕ್ಕೋ, ನೆರೆಮನೆಯ ಮಗುವಿನ ತೊಟ್ಟಿಲ ದಿನಕ್ಕೋ, ಗೆಳತಿಯ ಕುಬಸಕ್ಕೋ ಒಬ್ಬಳು ತನ್ನ ಕೈಯಿಂದಲೇ ಬೇಯಿಸಿ, ಸಿಂಗರಿಸಿ ಕೊಡುವ ಕೇಕಿನ ಮಾತು ಇದು. ವಿಷಯ ತೀರ ಸಣ್ಣದೆಂದು ವಾಚಕರಲ್ಲಿ ಕೆಲವರು ನಗಬಹುದು. ಆದರೆ ನೀತಿಯ ಪ್ರಶ್ನೆಗಳೆಲ್ಲ ತಲೆಬಾಗಿಲಿನಿಂದಲೇ ಬರಬೇಕೆಂಬ ನಿಯಮವಿಲ್ಲ. ಎಷ್ಟೋ ಸಲ ಅವು ಹಿತ್ತಲ ಬಾಗಿಲಿನಿಂದ ನೇರವಾಗಿ ಅಡಿಗೆಮನೆಗೆ ಬರುತ್ತವೆ. ಒಲವಿನಿಂದ ಮಾಡಿ ಕೊಟ್ಟ ವಸ್ತುವಿಗೆ ಬೆಲೆಯುಂಟೆ? ಉಂಟೆಂದಾದರೆ ಅದನ್ನು ಬಾಯಿಬಿಟ್ಟು ಕೇಳುವುದು ಸಣ್ಣತನವೆ? ಇಲ್ಲವೆಂದಾದರೆ ಮಾಡಿಸಿಕೊಳ್ಳುವವರಿಗೆ ಯಾವ ಕಟ್ಟುಪಾಡೂ ಇಲ್ಲವೆ? ಇದು ನಮ್ಮ ಊರಿನಲ್ಲಿ ನಿಜವಾಗಿ ಎದ್ದ ಪ್ರಶ್ನೆ.

ಇದು ನಮ್ಮ ತಿಂಡಿಯಲ್ಲ, ಪರದೇಶದ್ದು ಎಂದು ಮೂಗು ಮುರಿಯುವ ಹಿರಿಯರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಮೊದಲು ಕೇಳಿ ಮುಗಿಸುವುದು ಒಳಿತು. ಸೊಲ್ಲಾಪುರದ ಶೇಂಗಾ ಚಟ್ನಿಯೆಂದರೆ ನಮಗೆಲ್ಲ ಎಲ್ಲಿಲ್ಲದ ಅಭಿಮಾನ. ಆ ಚಟ್ನಿಯ ಶೇಂಗಾ, ಅದರೊಳಗಿನ ಮೆಣಸಿನಕಾಯಿ, ಎರಡೂ ಅಮೇರಿಕ ಖಂಡದ ಬೆಳೆಗಳು. ಕೊಲಂಬಸನು 1492ರಲ್ಲಿ ಆ ಕಡಲದಾರಿಯನ್ನು ಹಿಡಿಯುವ ಮೊದಲು ಈ ನೆಲದ ಯಾವ ಒಲೆಯೂ ಅವನ್ನು ಕಂಡಿರಲಿಲ್ಲ. ಸಕ್ಕರೆಯಾದರೋ ಇಲ್ಲಿಂದ ಹೊರಗೆ ಹೋದದ್ದು. ಇಂಗ್ಲಿಷಿನವರ 'ಶುಗರ್' ಎಂಬ ಶಬ್ದವು ನಮ್ಮ 'ಶರ್ಕರಾ' ಶಬ್ದದ ದೂರದ ಮಗಳೇ ಸರಿ. ಕೇಕು ಕೂಡ ನಿನ್ನೆ ಮೊನ್ನೆ ಬಂದದ್ದಲ್ಲ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಎಂಬವರು ಒಬ್ಬ ಬ್ರಿಟಿಷ್ ತೋಟಗಾರನು ತಂದು ತೋರಿಸಿದ ಕ್ರಿಸ್ಮಸ್ ಕೇಕನ್ನು ನೋಡಿ, ಊರ ಸಾಮಾನುಗಳಿಂದಲೇ ಅಂಥದನ್ನು ಮಾಡಿ ಕೊಟ್ಟರೆಂದು ಆ ಊರಿನವರು ಹೇಳಿಕೊಂಡು ಬಂದಿದ್ದಾರೆ. ಉರಿಯುವ ದೀಪವನ್ನು ಊದಿ ಆರಿಸುವ ಪದ್ಧತಿಯ ಮೇಲೆ ಆಕ್ಷೇಪವೆತ್ತುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ದೀಪ 'ಆರಿಸು' ಎಂದು ಬಾಯಿಂದ ಹೇಳಲೂ ಒಲ್ಲದೆ 'ಶಾಂತ ಮಾಡು' ಎನ್ನುವ ಮನೆಗಳಲ್ಲಿ ಬೆಳೆದವರಿಗೆ ಅದು ಕಸಿವಿಸಿ ಎನಿಸುವುದು ಸಹಜ. ಆದರೆ ನಮ್ಮ ಹೆಣ್ಣುಮಕ್ಕಳು ಇದಕ್ಕೆ ಉಪಾಯವನ್ನು ಆಗಲೇ ಕಂಡುಕೊಂಡಿದ್ದಾರೆ: ಮಗುವನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಆರತಿ ಎತ್ತಿ, ಆಮೇಲೆ ಚಾಕು ಕೈಗೆ ಕೊಡುತ್ತಾರೆ. ಅಲ್ಲಿಗೆ ವ್ಯಾಜ್ಯ ಮುಗಿಯಿತು.

ಇನ್ನು ಕೇಕು ಆಗುವ ಬಗೆಯನ್ನು ನೋಡೋಣ. ಬೆಲೆಯ ಪ್ರಶ್ನೆಯನ್ನು ಬಿಡಿಸಬೇಕಾದರೆ ಶ್ರಮವನ್ನು ಕಣ್ಣಾರೆ ಕಂಡಿರಬೇಕು. ಕರಜಗಿಯಂಥ ಊರಿನಲ್ಲಿ ಭಟ್ಟಿಯಾಗಲಿ ವಿದ್ಯುತ್ತಿನ ಒಲೆಯಾಗಲಿ ಮನೆಮನೆಗೆ ಇಲ್ಲ. ಇರುವುದು ಕುಕ್ಕರು. ಅದರ ತಳಕ್ಕೆ ಒಂದು ಬೊಗಸೆ ಉಪ್ಪನ್ನೋ ಮರಳನ್ನೋ ಹರವಿ, ರಬ್ಬರಿನ ಬಳೆಯನ್ನೂ ಸೀಟಿಯನ್ನೂ ತೆಗೆದಿಟ್ಟು, ನೀರಿಲ್ಲದೆ ಹತ್ತು ನಿಮಿಷ ಕಾಯಿಸಬೇಕು. ಮೈದಾ ಹಿಟ್ಟನ್ನು ಎರಡು ಮೂರು ಸಲ ಜರಡಿ ಹಿಡಿದು, ಸಕ್ಕರೆ, ತುಪ್ಪ ಅಥವಾ ಎಣ್ಣೆ, ಹಾಲು ಕೂಡಿಸಿ ಕಲಸಬೇಕು. ಮೊಟ್ಟೆ ಒಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಅಲ್ಲಿ ಮೊಸರು ಮತ್ತು ಅಡಿಗೆ ಸೋಡಾ ಮೊಟ್ಟೆಯ ಕೆಲಸದಲ್ಲಿ ಒಂದು ಪಾಲನ್ನು ಮಾಡುತ್ತವೆ. ಮೊಸರಿನ ಹುಳಿಯು ಸೋಡಾದೊಡನೆ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ, ಹಿಟ್ಟಿನೊಳಗೆ ಸಾವಿರಾರು ಸಣ್ಣ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಶಾಖಕ್ಕೆ ಅವು ಹಿಗ್ಗುತ್ತವೆ, ಸುತ್ತಲಿನ ಹಿಟ್ಟು ಗಟ್ಟಿಯಾಗಿ ಅವುಗಳ ಗೋಡೆಯಾಗುತ್ತದೆ. ವಿಜ್ಞಾನದ ಪಾಠದಲ್ಲಿ ಆಮ್ಲ ಪ್ರತ್ಯಾಮ್ಲಗಳನ್ನು ಕಲಿಸುವ ಶಿಕ್ಷಕಮಿತ್ರರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಡುವೆ ಮುಚ್ಚಳ ತೆಗೆದು ಇಣಿಕಿದರೆ ಗೋಡೆ ಗಟ್ಟಿಯಾಗುವ ಮೊದಲೇ ಗುಳ್ಳೆ ಕುಸಿದು, ಕೇಕಿನ ನಡುವೆ ಕುಳಿ ಬೀಳುತ್ತದೆ. ತಾಳ್ಮೆಯನ್ನು ಬೋಧಿಸುವ ಗ್ರಂಥಗಳು ಹಲವಿವೆ. ಮುಚ್ಚಿದ ಕುಕ್ಕರಿನ ಮುಂದೆ ಕುಳಿತು ಅದನ್ನು ಕಲಿತವರು ನಮ್ಮಲ್ಲಿ ಹೆಚ್ಚು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ, ಅಂಗಡಿಯ ಬಿಸ್ಕತ್ತಿನ ಪೊಟ್ಟಣವನ್ನೇ ಪುಡಿಮಾಡಿ, ಹಾಲಿನಲ್ಲಿ ಕಲಸಿ, ಒಂದು ಚೀಟಿ ಈನೋ ಸುರಿದು ಎಷ್ಟೋ ಮನೆಗಳಲ್ಲಿ ಮೊದಲ ಕೇಕು ಉಬ್ಬಿತು. ಆ ದಿನಗಳ ಎಷ್ಟೋ ಸಂಗತಿಗಳನ್ನು ಜನ ಮರೆಯಬಯಸಿದರು. ಈ ವಿದ್ಯೆಯನ್ನು ಮಾತ್ರ ಉಳಿಸಿಕೊಂಡರು.

ಬೇಯಿಸುವುದು ಅರ್ಧ ಕೆಲಸ. ಕೇಕು ಪೂರ್ತಿ ಆರಿದ ಮೇಲೆ ಅಡ್ಡಲಾಗಿ ಸೀಳಿ, ಸಕ್ಕರೆ ನೀರು ಚಿಮುಕಿಸಿ, ಕ್ರೀಮು ಸವರಿ, ಕಾಗದದ ಶಂಕುವಿನಿಂದ ಹೂ ಬಳ್ಳಿ ಎಳೆಯುವುದು ಉಳಿದರ್ಧ. ಕ್ರೀಮು ತಂಪಿನಲ್ಲಿ ಮಾತ್ರ ನಿಲ್ಲುವ ವಸ್ತು. ವೈಶಾಖದಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಬಿಸಿಲು 40 ಅಂಶವನ್ನು ದಾಟಿ ನಿಂತಾಗ, ಅದರಲ್ಲಿಯೂ ಕರೆಂಟು ಕೈಕೊಟ್ಟಾಗ, ಗುಲಾಬಿಯೆಂದು ಬಿಡಿಸಿದ್ದು ಹತ್ತೇ ನಿಮಿಷದಲ್ಲಿ ಜಾರಿ ತಟ್ಟೆಗೆ ಇಳಿಯುತ್ತದೆ. ಅದಕ್ಕಾಗಿ ಬೋಗುಣಿಯ ಕೆಳಗೆ ಮಂಜುಗಡ್ಡೆಯ ಪಾತ್ರೆಯಿಟ್ಟುಕೊಂಡು, ನಸುಕಿನ ನಾಲ್ಕಕ್ಕೆ ಎದ್ದು ಸಿಂಗಾರ ಮುಗಿಸುವವರುಂಟು. ಎಲ್ಲ ಕೂಡಿಸಿ ಎಣಿಸಿದರೆ ಒಂದು ಸಾಧಾರಣ ಕೇಕಿಗೆ ಅರ್ಧ ದಿನದ ಗೇಯ್ಮೆ ಸಂದುಹೋಗುತ್ತದೆ. ಹಬ್ಬದ ಹೊತ್ತಿಗೆ ಅದನ್ನು ತುಂಡರಿಸಿ ತಿನ್ನಲು ಹತ್ತು ನಿಮಿಷ ಸಾಕು.

ಹಾಗಾದರೆ ಸಿಂಗಾರವಾದರೂ ಏತಕ್ಕೆ? ನಾಲಗೆಗೆ ಸಿಹಿ ಮುಟ್ಟಿದರೆ ಸಾಲದೆ? ಹೋಳಿಗೆಗೆ ಯಾರೂ ಹೂ ಬಳ್ಳಿ ಬಿಡಿಸುವುದಿಲ್ಲ. ಆದರೂ ಅದರ ಮಾನಕ್ಕೆ ಕುಂದಿಲ್ಲ. ಈ ಆಕ್ಷೇಪಕ್ಕೆ ಉತ್ತರವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಸಂಕ್ರಾಂತಿಯ ಕುಸುರೆಳ್ಳನ್ನು ನೋಡಿದರಾಯಿತು. ಮಂದವಾದ ಕೆಂಡದ ಮೇಲೆ ಅಗಲವಾದ ಹಿತ್ತಾಳೆಯ ಪರಾತವನ್ನಿಟ್ಟು, ಎಳ್ಳು ಹರವಿ, ಒಂದು ಚಮಚೆ ತೆಳು ಪಾಕ ಹನಿಸಿ, ಬೆರಳ ತುದಿಯಿಂದ ಆಡಿಸಬೇಕು. ಒಣಗಿತೆಂದರೆ ಮತ್ತೊಂದು ಚಮಚೆ. ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ. ಚಳಿ ಚೆನ್ನಾಗಿದ್ದರೆ ಕಾಳಿನ ಸುತ್ತ ಸಣ್ಣ ಮುಳ್ಳುಗಳು ಏಳುತ್ತವೆ. ಆ ಮುಳ್ಳೇ ಅದರ ಸೌಂದರ್ಯ, ಮಾಡಿದವಳ ಬೆರಳಿನ ಬೊಬ್ಬೆಯೇ ಅದಕ್ಕೆ ಸಾಕ್ಷಿ. ಆ ಕುಸುರೆಳ್ಳನ್ನು ದಾರದಲ್ಲಿ ಕೋದು ಕೂಸಿಗೆ ಕಿರೀಟ, ಕೊರಳ ಹಾರ, ಕೈಬಳೆ ಮಾಡಿ, ಕಪ್ಪು ಅಂಗಿ ತೊಡಿಸಿ, ಬಾರೆಹಣ್ಣು ಕಬ್ಬಿನ ಚೂರುಗಳ ಸಂಗಡ ಕರಿ ಎರೆಯುತ್ತಾರೆ. ಸಂಜೆಯ ಹೊತ್ತಿಗೆ ಕಿರೀಟವನ್ನು ಕೂಸೇ ನೆಕ್ಕಿ ಮುಗಿಸಿರುತ್ತದೆ. ಗೌರಿಹುಣ್ಣಿಮೆಯ ಸಕ್ಕರೆ ಆರತಿಯೂ ಹಾಗೆಯೇ. ಕಟ್ಟಿಗೆಯ ಅಚ್ಚಿನಲ್ಲಿ ಪಾಕವನ್ನು ಎರೆದು ನವಿಲು, ಆನೆ, ಗೋಪುರಗಳನ್ನು ತೆಗೆದು, ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಒಯ್ದು ಕೊಡುವ ಪದ್ಧತಿ ನಮ್ಮಲ್ಲುಂಟು. ನವಿಲಿನ ಕೊರಳು ಮುರಿದು ಬಾಯಿಗೆ ಹಾಕಿಕೊಳ್ಳುವಾಗ ಯಾರೂ ಕಲೆ ನಾಶವಾಯಿತೆಂದು ಅಳುವುದಿಲ್ಲ.

ಅಳಿಯುವ ವಸ್ತುವನ್ನು ಸಿಂಗರಿಸುವುದರ ಅರ್ಥ ಇಲ್ಲಿಯೇ ಅಡಗಿದೆ ಎಂದು ನಮಗೆ ತೋರುತ್ತದೆ. ಶಿಲ್ಪಿಯು ಕಲ್ಲಿನಲ್ಲಿ ಕೆತ್ತುವುದು ಮುಂದಿನ ಕಾಲಕ್ಕಾಗಿ. ಅಂಗಳದಲ್ಲಿ ರಂಗೋಲಿ ಹಾಕುವವಳ ದೃಷ್ಟಿ ಈ ಒಂದು ಮುಂಜಾವಿನ ಮೇಲೆ ಮಾತ್ರ. ಮಧ್ಯಾಹ್ನಕ್ಕೆ ಅದು ಕಾಲಡಿಗೆ ಸಿಗುವುದೆಂದು ಬಲ್ಲಳು, ಬಲ್ಲೆನೆಂದು ಎಳೆ ತಪ್ಪಿಸುವುದಿಲ್ಲ. ಕೇಕಿನ ಮೇಲಿನ ಗುಲಾಬಿಯೂ ಹೊಟ್ಟೆಗೆ ಏನನ್ನೂ ಹೇಳುವುದಿಲ್ಲ. ಈ ದಿನ ಉಳಿದ ದಿನಗಳಂತಲ್ಲ, ಈ ಮಗು ಉಳಿದವರಲ್ಲಿ ಒಂದಲ್ಲ ಎಂಬಷ್ಟನ್ನೇ ಅದು ಹೇಳುತ್ತದೆ. ಹಾಗೆ ಹೇಳುವುದನ್ನು ಮರೆತು, ನಮ್ಮ ಮನೆಯ ಕೇಕು ಮೂರು ಅಂತಸ್ತಿನದು, ನಿಮ್ಮದು ಒಂದೇ ಅಂತಸ್ತಿನದು ಎಂಬ ಲೆಕ್ಕ ಶುರುವಾದಲ್ಲಿ ಸಿಂಗಾರವು ಡೌಲಾಗುತ್ತದೆ. ಚಿತ್ರ ತೆಗೆದು ಊರಿಗೆಲ್ಲ ಕಳಿಸುವ ತನಕ ಮಗುವನ್ನು ಬಾಯಿ ಒಣಗಿಸಿ ನಿಲ್ಲಿಸುವವರನ್ನೂ ಕಂಡಿದ್ದೇವೆ.

ಈ ಸಿಂಗಾರದಲ್ಲಿ ನಮಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಣುವುದು ಹೆಸರು. ಪೇಟೆಯ ಅಂಗಡಿಗಳಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಬರೆದು ಕೊಡುತ್ತಾರೆ. ಅದು ತಪ್ಪೆನ್ನಲಾಗದು, ಬರೆಯುವವನಿಗೆ ಬಂದ ಲಿಪಿ ಅದು. ಮನೆಯಲ್ಲಿ ಮಾಡಿದ ಕೇಕಿನ ಮೇಲೆ ಮಾತ್ರ ಈ ಗಡಿನಾಡಿನ ಮಗು ತನ್ನ ಹೆಸರನ್ನು ತಾನು ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಕಾಣಬಲ್ಲದು. ಕ್ರೀಮಿನ ಶಂಕುವಿಗೆ ನಮ್ಮ ಲಿಪಿ ಎಷ್ಟು ಒಗ್ಗುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುವುದೆಂದು ನಮ್ಮ ಅಕ್ಷರಗಳು ದುಂಡಗಾದವೆಂದು ಬಲ್ಲವರು ಹೇಳುತ್ತಾರೆ. ಆ ದುಂಡು ಇಲ್ಲಿ ಉಪಯೋಗಕ್ಕೆ ಬಂದಿತು. ಶಂಕುವನ್ನು ಎತ್ತದೆ ಒಂದೇ ಎಳೆಯಲ್ಲಿ 'ರ' ಸುತ್ತಬಹುದು, 'ಗ' ಬಾಗಿಸಬಹುದು. ತೊಡಕಾಗುವುದು ಒತ್ತಕ್ಷರಕ್ಕೆ. 'ಲಕ್ಷ್ಮೀ' ಎಂದು ಬರೆಯಹೊರಟವರು ಕ್ಷಕಾರದ ಕೆಳಗೆ ಮಕಾರಕ್ಕೆ ಜಾಗ ಸಾಲದೆ ಕೇಕಿನ ಅಂಚಿನಿಂದ ಕೆಳಗೆ ಇಳಿದುಬಿಡುತ್ತಾರೆ. ಮಗುವಿಗೆ ಹೆಸರಿಡುವ ತಂದೆ ತಾಯಿಗಳು ಮುಂದೆ ಇದನ್ನೂ ಯೋಚಿಸಬೇಕಾದೀತು.

ಈಗ ಪ್ರಶ್ನೆ ಎದ್ದ ಬಗೆಗೆ ಬರೋಣ. ನಮ್ಮ ಓಣಿಯ ಒಬ್ಬ ಸೊಸೆ, ಹೆಸರು ಬೇಡ, ಈ ವಿದ್ಯೆಯನ್ನು ಚೆನ್ನಾಗಿ ಕೈವಶ ಮಾಡಿಕೊಂಡಿದ್ದಳು. ಮೊದಲು ತನ್ನ ಮಗನಿಗೆ ಮಾಡಿದಳು, ಆಮೇಲೆ ನಾದಿನಿಯ ಮಗಳಿಗೆ. ತಿಂದವರು ಹೊಗಳಿದರು. ನೆರೆಯವರು ಕೇಳಿದರು, ಮಾಡಿ ಕೊಟ್ಟಳು. ವರ್ಷ ತಿರುಗುವುದರೊಳಗೆ ತಿಂಗಳಿಗೆ ನಾಲ್ಕೈದು ಕೇಕು ಆಕೆಯ ಪಾಲಿಗೆ ಬಂದವು. ಕೆಲವರು ಹಿಟ್ಟು ಸಕ್ಕರೆ ತಂದು ಕೊಟ್ಟರು, ಹಲವರು ಬರಿಗೈಯಲ್ಲಿ ಬಂದು "ನಾಳೆ ಸಂಜಿಗೆ ಬೇಕವ್ವಾ" ಎಂದು ಹೇಳಿ ಹೋದರು. ಗ್ಯಾಸಿನ ಸಿಲಿಂಡರು ಬೇಗ ಮುಗಿಯತೊಡಗಿತು, ಅತ್ತೆ ಗೊಣಗತೊಡಗಿದಳು. ಒಮ್ಮೆ ಆಕೆ ಅಳುಕುತ್ತ ಸಾಮಾನಿನ ಖರ್ಚಿನ ಮಾತೆತ್ತಿದಾಗ ಬಂದ ಉತ್ತರ: "ಮನ್ಯಾಗ ಕುಂತು ಮಾಡೂದದ, ನಿನಗೇನು ಖರ್ಚ ಬರ್ತದವ್ವಾ?" ಆ ಮೇಲೆ ಆಕೆ ನಾಲ್ಕು ತಿಂಗಳು ಯಾರಿಗೂ ಕೇಕು ಮಾಡಲಿಲ್ಲ. ಕುಕ್ಕರು ಸುಟ್ಟಿದೆ ಎಂದು ಹೇಳಿಬಿಟ್ಟಳು. ನಮ್ಮ ಮುಂದೆ ಆಕೆ ಹೇಳಿದ ಮಾತು ಹೀಗಿತ್ತು: "ರೊಕ್ಕ ಕೇಳಿದ್ರ ಬಳಗ ಹೋಗ್ತದ್ರಿ, ಕೇಳದೆ ಹೋದ್ರ ನಾನೇ ಹೋಗ್ತೀನ್ರಿ."

ಈ ಒಂದು ವಾಕ್ಯದಲ್ಲಿರುವಷ್ಟು ನೀತಿಶಾಸ್ತ್ರವನ್ನು ಬಿಡಿಸಿ ಹೇಳಲು ನಮಗೆ ಹಲವು ಪುಟ ಬೇಕಾಗುತ್ತದೆ.

ನಮ್ಮ ಹಿರಿಯರು ಈ ತೊಡಕನ್ನು ಅರಿಯದವರಲ್ಲ. ಅವರಲ್ಲಿ ಮುಯ್ಯಿ ಇತ್ತು. ಬೇಸಿಗೆಯಲ್ಲಿ ಒಬ್ಬರ ಮನೆಯ ಶಾವಿಗೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದರೆ, ಮರುದಿನ ಇನ್ನೊಬ್ಬರ ಮನೆಯ ಹಪ್ಪಳಕ್ಕೆ ಕೂಡುತ್ತಿದ್ದರು. ಹೊಲದ ಕೆಲಸದಲ್ಲಿ ಮುಯ್ಯಾಳು, ಮದುವೆಯಲ್ಲಿ ಉಡುಗೊರೆಯ ಮುಯ್ಯಿ. ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಲೋಕದ ನಾನಾ ಜನಾಂಗಗಳ ಕೊಡುಗೆಯ ಪದ್ಧತಿಗಳನ್ನು ಪರಿಶೀಲಿಸಿ, ಕೊಡುವುದು, ಕೊಟ್ಟದ್ದನ್ನು ಸ್ವೀಕರಿಸುವುದು, ಮರಳಿ ಕೊಡುವುದು, ಈ ಮೂರೂ ಕಟ್ಟುಪಾಡುಗಳೇ ಎಂದು ತೋರಿಸಿದನು. ಅದನ್ನು ಓದಿದರೆ ನಮ್ಮ ಹಳ್ಳಿಯ ಮುದುಕಿಯರಿಗೆ ಹೊಸದೇನೂ ತೋರಲಾರದು. ಹಾಗಾದರೆ ಕೇಕಿನ ವಿಷಯದಲ್ಲಿ ಕಟ್ಟು ಹರಿದದ್ದು ಹೇಗೆ? ಶಾವಿಗೆ ಎಲ್ಲರಿಗೂ ಬರುವ ವಿದ್ಯೆ, ಆದ್ದರಿಂದ ಎಲ್ಲರೂ ಮರಳಿಸಬಲ್ಲರು. ಕೇಕು ಓಣಿಯಲ್ಲಿ ಒಬ್ಬಳಿಗೆ ಬರುವ ವಿದ್ಯೆ. ಆಕೆ ಹತ್ತು ಮನೆಗೆ ಮಾಡಿಕೊಟ್ಟರೂ ಆಕೆಯ ಮಗನ ಹುಟ್ಟುಹಬ್ಬದಂದು ಒಲೆಯ ಮುಂದೆ ನಿಲ್ಲಬೇಕಾದವಳು ಆಕೆಯೇ. ಮುಯ್ಯಿಯ ದಾರಿ ಮುಚ್ಚಿತು. ಪೇಟೆಯ ದಾರಿ ತುಳಿಯಲು ನಾಚಿಕೆ. ನಡುವೆ ನಿಂತವಳು ಸೋತಳು. ದೋಷವು ಯಾರದೊಬ್ಬರ ದುರಾಶೆಯಲ್ಲಿಲ್ಲ, ಹಳೆಯ ಪದ್ಧತಿಯ ಮಾತು ಉಳಿದು ಅದರ ಮರುಪಾಲು ಹೋದದ್ದರಲ್ಲಿದೆ ಎಂಬುದು ನಮ್ಮ ಎಣಿಕೆ.

ಹಾಗೆಂದು ಹಣದಿಂದ ಎಲ್ಲವೂ ತೀರುವುದೆ? ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರ ತನ್ನ ಗ್ರಂಥದಲ್ಲಿ ಒಂದು ಭೇದವನ್ನು ಮಾಡಿದ್ದಾನೆ. ಯಾವುದಕ್ಕೆ ಬದಲಾಗಿ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯುಂಟು. ಯಾವುದಕ್ಕೆ ಬದಲು ಎಂಬುದೇ ಇಲ್ಲವೋ ಅದಕ್ಕೆ ಇರುವುದು ಘನತೆ. ಅವನು ಹೇಳಿದ್ದು ಮನುಷ್ಯನ ನೈತಿಕ ಸ್ವರೂಪವನ್ನು ಕುರಿತು, ತಿಂಡಿಯನ್ನು ಕುರಿತಲ್ಲ. ಆದರೂ ಆ ಭೇದದ ಬೆಳಕನ್ನು ನಮ್ಮ ಕುಕ್ಕರಿನ ಮೇಲೆ ಬೀರಿ ನೋಡಬಹುದು. ಮೈದಾ ಹಿಟ್ಟಿಗೆ ಬದಲುಂಟು, ಗ್ಯಾಸಿಗೆ ಬದಲುಂಟು. ಆಕೆ ಕಳೆದ ಅರ್ಧ ದಿನಕ್ಕೂ ಬದಲುಂಟು. ಆ ಹೊತ್ತಿನಲ್ಲಿ ಆಕೆ ಹೊಲಿಗೆಯಂತ್ರ ತುಳಿದಿದ್ದರೆ ಕೂಲಿ ಬರುತ್ತಿತ್ತು. ಆದರೆ ನೆರೆಮನೆಯ ಹುಡುಗಿಗೆ ಗಿಳಿಯೆಂದರೆ ಪ್ರಾಣವೆಂದು ನೆನಪಿಟ್ಟುಕೊಂಡು, ಹಸಿರು ಬಣ್ಣ ಸಿಗದೆ, ಎರಡು ಅಂಗಡಿ ಅಲೆದು ತಂದು, ಗಿಳಿಯನ್ನೇ ಕೂರಿಸಿದಳಲ್ಲ, ಆ ನೆನಪಿಗೆ ಬದಲು ಯಾವುದು? ಅದಕ್ಕೆ ಯಾರೂ ಬೆಲೆ ಕಟ್ಟಲಾರರು. ಜನರು ಎರಡು ಬಗೆಯಲ್ಲಿ ಎಡವುತ್ತಾರೆ. ನೆನಪಿಗೆ ಬೆಲೆಯಿಲ್ಲವಾದ್ದರಿಂದ ಹಿಟ್ಟಿಗೂ ಬೆಲೆಯಿಲ್ಲವೆಂದು ಬಗೆಯುವವರು ಒಂದು ಕಡೆ. ಹಿಟ್ಟಿನ ಹಣ ಕೊಟ್ಟಿದ್ದೇನಲ್ಲ, ನೆನಪನ್ನೂ ಕೊಂಡಂತಾಯಿತು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಲೂಟಿ ಮಾಡುತ್ತಾರೆ, ಎರಡನೆಯವರು ಕೃತಘ್ನರಾಗುತ್ತಾರೆ. ಇಬ್ಬರೂ ಹಾಗೆಂದು ತಿಳಿಯದೆಯೇ ಮಾಡುತ್ತಾರೆ.

ಕೊಡುವವಳು ಬೆಲೆ ಕೇಳಿದರೆ ಕೊಡುಗೆಯ ಪಾವಿತ್ರ್ಯ ಕೆಟ್ಟಿತೆಂದು ಹೇಳುವವರು ನಮ್ಮ ಶರಣರ ಹೆಸರನ್ನು ತೆಗೆದುಕೊಳ್ಳುವುದುಂಟು. ಸಿದ್ಧರಾಮೇಶ್ವರನ ಸೊನ್ನಲಿಗೆಯ ಸೀಮೆಯಲ್ಲಿ ಬಾಳುವ ನಾವು ದಾಸೋಹದ ಮಾತನ್ನು ಹಗುರವಾಗಿ ಆಡಲಾರೆವು. ಆದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಅವರು ನೆನೆಯಬೇಕು. ಬಿದ್ದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ತಿರುಗಿಸಿ ಕಳಿಸಿದಳು. ಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬ ಕಟ್ಟುನಿಟ್ಟು ಈ ಕಥೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಮುಖ ಅಷ್ಟಾಗಿ ಕಾಣುವುದಿಲ್ಲ: ಅವರ ದಾಸೋಹ ನಿಂತದ್ದು ಅವರ ಸ್ವಂತ ಕಾಯಕದ ಮೇಲೆ. ದುಡಿಮೆ ಅವರದು, ಅಳತೆ ಅವರದು, ಕೊಡುವ ನಿರ್ಧಾರವೂ ಅವರದೇ. ಬೇರೆಯವರು ಬಂದು ನಿನ್ನ ದುಡಿಮೆಗೆ ಬೆಲೆಯಿಲ್ಲವೆಂದು ತೀರ್ಮಾನಿಸಿದ ಮೇಲೆ ಕೊಟ್ಟದ್ದು ದಾಸೋಹ ಹೇಗಾದೀತು? ಬಿಟ್ಟಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರೇ ಇದೆ. ಇಲ್ಲವೆನ್ನುವ ಅಧಿಕಾರ ಇದ್ದವಳು ಮಾತ್ರ ಹೂಂ ಎಂದು ಕೊಡಬಲ್ಲಳು.

ಒಬ್ಬರಿಗಾಗಿ ಮಾಡಿದ್ದು ಪೇಟೆಗೆ ಬಂದೊಡನೆ ಮಲಿನವಾಗುತ್ತದೆ ಎಂಬ ಭಾವನೆಗೂ ಇತಿಹಾಸವು ಒಪ್ಪುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ, ಹುದುಗಿಸುವ ಈಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಈಸ್ಟಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪುಡಿಯನ್ನೂ ಕಂಡುಹಿಡಿದನು. ಒಬ್ಬಳು ಹೆಂಗಸು ಎಲ್ಲರಂತೆ ಊಟದ ಮೇಜಿನಲ್ಲಿ ಕುಳಿತು ತಿನ್ನಬೇಕೆಂಬ ಒಂದೇ ಆಸೆಯಿಂದ ಹುಟ್ಟಿದ ಆ ವಸ್ತುಗಳು ಆಮೇಲೆ ದೊಡ್ಡ ವ್ಯಾಪಾರವಾದವು. ಮಾರಿದ್ದರಿಂದ ಹೆಂಡತಿಯ ಮೇಲಿನ ಅವನ ಒಲವು ಕಡಿಮೆಯಾಯಿತೆಂದು ಹೇಳಬರುವುದೆ? ಮಾರಿದ್ದರಿಂದಲೇ, ಅವನ ಹೆಸರನ್ನೇ ಕೇಳದ ಕರಜಗಿಯಲ್ಲಿ, ಮೊಟ್ಟೆ ಮುಟ್ಟದ ಮನೆಯ ಹಿಟ್ಟು ಇಂದು ಉಬ್ಬುತ್ತಿದೆ.

ಮನೆಯೊಳಗಿನ ಮಾತು ಬೇರೆ. ತಾಯಿಯು ಮಗನಿಗೆ, ಅಕ್ಕನು ತಮ್ಮನಿಗೆ ಮಾಡಿದ್ದಕ್ಕೆ ರೂಪಾಯಿಯ ಲೆಕ್ಕ ತರುವುದು ಅಸಂಗತ. ಆದರೆ ಅಲ್ಲಿಯೂ ಶ್ರಮವೇನೂ ಮಾಯವಾಗುವುದಿಲ್ಲ. ತಿಂದು ಕೈ ತೊಳೆದು ಎದ್ದವರೆಲ್ಲ ಆ ಸೀದು ಹಿಡಿದ ಕುಕ್ಕರನ್ನು ಯಾರು ತಿಕ್ಕುವರೆಂದು ಒಮ್ಮೆ ತಿರುಗಿ ನೋಡಲಿ. ಗಂಡಸರಿಗೆ ಈ ಮಾತು ಹಿತವಾಗದಿದ್ದರೆ ನಾವು ಅದನ್ನು ಹಿಂದೆಗೆದುಕೊಳ್ಳುವವರಲ್ಲ. ತನಗಾಗಿ ಅರ್ಧ ದಿನ ದುಡಿದು ಮಾಡಿದ್ದನ್ನು ಗೆಳೆಯರ ಮೋರೆಗೆ ಮೆತ್ತಿ ನಗುವ ತರುಣರ ಬಗೆಗೂ, ನಡುಬೀದಿಯಲ್ಲಿ ತಲವಾರಿನಿಂದ ಕೇಕು ಕಡಿದು ಪೊಲೀಸರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಸುದ್ದಿಯಾಗುವವರ ಬಗೆಗೂ ಹೆಚ್ಚು ಬರೆಯುವುದು ವ್ಯರ್ಥ.

ಶಾಲೆಯ ವಿಷಯವನ್ನು ಮಾತ್ರ ಬಿಡುವಂತಿಲ್ಲ. ಹಿಂದೆ ನಮ್ಮ ಕಡೆ ಹುಟ್ಟಿದ ದಿನವನ್ನು ಆಚರಿಸುವವರು ಎಷ್ಟು ಮಂದಿ? ಹುಟ್ಟಿದ ತಾರೀಖೇ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಗುರುಗಳು ಜೂನ್ 1 ಎಂದು ಬರೆದುಕೊಂಡರು. ಹಳೆಯ ದಾಖಲೆ ಪುಸ್ತಕ ತೆರೆದರೆ ಊರಿಗೆ ಊರೇ ಒಂದೇ ದಿನ ಹುಟ್ಟಿದಂತಿದೆ. ಮನೆಯಲ್ಲಿ ಕೇಳಿದರೆ 1972ರ ಬರದ ಮರುವರ್ಷ, ಜೋಳ ಕೊಯ್ಯುವ ಕಾಲಕ್ಕೆ ಎಂಬ ಉತ್ತರ ಬರುತ್ತಿತ್ತು. ಇಂದಿನ ಮಕ್ಕಳ ಜನನ ತಾರೀಖು ಪಂಚಾಯಿತಿಯ ಪುಸ್ತಕದಲ್ಲಿ ಸರಿಯಾಗಿ ದಾಖಲಾಗುತ್ತದೆ. ಸಂತೋಷ. ಅದರ ಹಿಂದೆಯೇ ತರಗತಿಗೆಲ್ಲ ಚಾಕಲೇಟು ಹಂಚುವ ಪದ್ಧತಿ ಬಂದಿತು, ಹಂಚಲಾರದ ಮಗು ತನ್ನ ಹುಟ್ಟುಹಬ್ಬದಂದೇ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುವ ಪದ್ಧತಿಯೂ ಬಂದಿತು. ಅಂಥ ಮಗುವನ್ನು ನಾವು ಬಲ್ಲೆವು. ಶಿಕ್ಷಕರಾದ ವಾಚಕರಲ್ಲಿ ಅನೇಕರು ಬಲ್ಲರು. ಒಂದು ವರ್ಷ ಕೂಲಿಗೆ ಹೋಗುವ ತಾಯಿಯೊಬ್ಬಳು ಗೋದಿ ಬೆಲ್ಲದ ಮಾದಲಿಯನ್ನು ತಟ್ಟೆಯಲ್ಲಿ ಒತ್ತಿ ದುಂಡಗೆ ಕೂರಿಸಿ, ಸುತ್ತ ಕೊಬ್ಬರಿಯ ತುರಿ ಉದುರಿಸಿ, ನಡುವೆ ಪುಟಾಣಿಯ ಬೇಳೆಗಳನ್ನು ಒಂದೊಂದಾಗಿ ಜೋಡಿಸಿ ಮಗನ ಹೆಸರು ಬರೆದು ಕಳಿಸಿದ್ದಳು. ಆಕೆಗೆ ಅಕ್ಷರ ಬಾರದು. ಮಗನ ಪಾಟಿಯನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಜೋಡಿಸಿದ್ದಳಂತೆ. ಅದನ್ನು ಕೇಕೆನ್ನಬೇಕೆ ಬೇಡವೆ ಎಂದು ವಾದಿಸುವವರು ವಾದಿಸಲಿ. ಮೂವತ್ತೊಂದು ಮಕ್ಕಳ ತರಗತಿಯಲ್ಲಿ ತಟ್ಟೆಗೆ ಹತ್ತಿದ ಚೂರೂ ಉಳಿಯಲಿಲ್ಲ.

ನಮ್ಮ ಓಣಿಯ ಸೊಸೆ ಈಗ ಮತ್ತೆ ಕೇಕು ಮಾಡುತ್ತಾಳೆ. ಸಾಮಾನಿನ ಬೆಲೆಯನ್ನೂ ಕೂಲಿಯನ್ನೂ ಸೇರಿಸಿ ಮೊದಲೇ ಹೇಳಿಬಿಡುತ್ತಾಳೆ. ಒಪ್ಪದವರು ಪೇಟೆಗೆ ಹೋಗುತ್ತಾರೆ, ಕೆಲವರು ಹೋಗಿ ಬಂದು ಒಪ್ಪುತ್ತಾರೆ. ಬಳಗ ಆಕೆ ಅಂಜಿದಷ್ಟೇನೂ ಹೋಗಲಿಲ್ಲ, ಒಂದೆರಡು ಮನೆ ಬಿಟ್ಟು. ವರ್ಷಕ್ಕೆ ನಾಲ್ಕು ಕೇಕುಗಳನ್ನು ಮಾತ್ರ ತಾನಾಗಿಯೇ ಮಾಡಿ ಕೊಡುತ್ತಾಳೆ, ಯಾರಿಗೆಂದು ಆಕೆಯೇ ಆರಿಸುತ್ತಾಳೆ, ಅವರಿಂದ ಏನನ್ನೂ ಮುಟ್ಟುವುದಿಲ್ಲ. ಹೆಸರು ಬರೆಯುವುದಕ್ಕೆ ಯಾರಿಂದಲೂ ಹಣವಿಲ್ಲ, ಆದರೆ ಒಂದು ಷರತ್ತು: ಹುಟ್ಟುಹಬ್ಬದ ಮಗುವೇ ತನ್ನ ಹೆಸರನ್ನು ಪಾಟಿಯ ಮೇಲೆ ಬರೆದು ತಂದು ಕೊಡಬೇಕು, ಅದನ್ನು ನೋಡಿ ಆಕೆ ಬರೆಯುತ್ತಾಳೆ. ಕಳೆದ ತಿಂಗಳು ಎರಡನೆಯ ಇಯತ್ತೆಯ ಹುಡುಗನೊಬ್ಬ 'ಬಸವರಾಜ'ದ ವಕಾರವನ್ನು ಬಿಟ್ಟು 'ಬಸರಾಜ' ಎಂದು ಬರೆದುಕೊಟ್ಟನಂತೆ. ತಿದ್ದಿ ಬರೆಯಲೋ, ಅವನು ಕೊಟ್ಟಂತೆಯೇ ಬರೆಯಲೋ ಎಂದು ಕೇಳಲು ಆಕೆ ಪಾಟಿ ಹಿಡಿದು ನಮ್ಮ ಮನೆಗೆ ಬಂದಳು. ಅಕ್ಷರವನ್ನು ತಿದ್ದುವುದೇ ನಮ್ಮ ಕಸುಬು. ಆದರೂ ಹುಡುಗನನ್ನೇ ಕರೆದು, ಅವನ ಕೈಗೆ ಬಳಪ ಕೊಟ್ಟು, ನಿನ್ನ ಹೆಸರನ್ನು ಗಟ್ಟಿಯಾಗಿ ಓದು ಎಂದೆವು. ಅವನು ಎರಡು ಸಲ ಓದಿದ. ಮೂರನೆಯ ಸಲ ನಕ್ಕು, 'ಸ'ಕಾರದ ಮುಂದೆ ಜಾಗವಿಲ್ಲದ್ದರಿಂದ ತಲೆಯ ಮೇಲೆ ಸಣ್ಣದೊಂದು 'ವ' ಬರೆದು ಕೊಟ್ಟ. ಕೇಕಿನ ಮೇಲೆಯೂ ಅದು ಹಾಗೆಯೇ, ಸಾಲಿನ ಮೇಲೆ ಏರಿ ಕುಳಿತು ಬಂದಿತು.